ಟ್ರಮಡಾಲ್ ಇಳಿಸಿದ ಲೆಕ್ಕ

"ಸೊಂಟ ನೋವು ಇರೋ ತನಕ ಆ ಮಾತ್ರೆ ಬಿಡೋಕಾಗಲ್ಲ ಕಣೋ" ಅಂತ ನಮ್ಮ ಭಾವ ಕಡ್ಡಿ ಮುರಿದಂತೆ ಹೇಳಿದ್ದರು. ಮೆಡಿಕಲ್ ಅಂಗಡಿಯವರ ಮಾತೂ ಅದೇ. ತಿಂಗಳಿಗೆ ಹನ್ನೆರಡು ಸ್ಟ್ರಿಪ್ ಒಯ್ಯುವ ಗಿರಾಕಿಗೆ ಅವರು ಇನ್ನೇನು ಹೇಳಿಯಾರು! ಈಗ ವರ್ಷದ ಮೇಲಾಯಿತು, ಟ್ರಮಡಾಲ್ ಅನ್ನುವ ಆ ನೋವಿನ ಮಾತ್ರೆ ಒಂದು ಚೂರೂ ಇಲ್ಲ. ಸೊಂಟ ನೋವು ಇದೆ. ಮೊದಲಿಗಿಂತ ಒಂದು ಕೈ ಕಮ್ಮಿಯೇ.

ಸೊಂಟ ನೋವಿನವರಾದರೆ ಎಂಆರ್‌ಐ, ಬೆಲ್ಟು, ಟ್ರ್ಯಾಕ್ಷನ್ ಎಲ್ಲ ನಿಮಗೂ ಆಗಿರುತ್ತೆ, ಬಿಡಿ. ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್. ಪೇಪರ್ ರೀಮು ಎತ್ತಿ ಎತ್ತಿ ಬೆನ್ನುಮೂಳೆಯ ಕೆಳಭಾಗದ ಎಲ್‌ಫೋರ್-ಎಲ್‌ಫೈವ್ ಡಿಸ್ಕ್ ಜಾರಿತು. 100 ಮಿ.ಗ್ರಾಂ.ನ ಎಸ್‌ಆರ್, ಅಂದರೆ ನಿಧಾನವಾಗಿ ಕರಗುವ ಮಾತ್ರೆ, ದಿನಕ್ಕೆ ಎರಡು ಅಂತ ಶುರುವಾಗಿದ್ದು ನಾಲ್ಕಕ್ಕೆ ಬಂತು. 400 ಅಂದರೆ ದಿನದ ಗರಿಷ್ಠ ಮಿತಿ, ಅದನ್ನು ದಾಟಿದರೆ ಫಿಟ್ಸ್ ಬರುವ ಅಪಾಯ ಹೆಚ್ಚು. ಲಗ್ನಪತ್ರಿಕೆ ಸೀಸನ್ನಿನಲ್ಲಿ ಐದು ನುಂಗಿದ್ದೂ ಉಂಟು.

ಟ್ರಮಡಾಲ್ ಮೊದಲೇ ಬಿಗಿ ನಿಯಮದ ಔಷಧಿಗಳ ಪಟ್ಟಿ ಶೆಡ್ಯೂಲ್ ಎಚ್1ರಲ್ಲಿತ್ತು, ಅಂಗಡಿಯವರು ರಿಜಿಸ್ಟರ್‌ನಲ್ಲಿ ಹೆಸರು ಬರೆಯಬೇಕಿತ್ತು. ನನ್ನ ಹೆಸರು ಯಾರೂ ಬರೆದದ್ದು ಕಾಣೆ. 2018ರ ಏಪ್ರಿಲ್‌ನಲ್ಲಿ ಎನ್‌ಡಿಪಿಎಸ್ ಅನ್ನುವ ಮಾದಕವಸ್ತು ಕಾಯ್ದೆಗೆ ಸೇರಿಸಿದರು ನೋಡಿ, ಆಮೇಲೆ ಎಲ್ಲರಿಗೂ ಭಯ ಹುಟ್ಟಿತು. ಚೀಟಿ ಇಲ್ಲದೆ ಕೊಡುವವರು ಸ್ಟ್ರಿಪ್ಪಿಗೆ ಹೆಚ್ಚುಕಮ್ಮಿ ದುಪ್ಪಟ್ಟು ಕೇಳತೊಡಗಿದರು. ತಿಂಗಳಿಗೆ ಸಾವಿರದೈನೂರು ಇದ್ದದ್ದು ಮೂರು ಸಾವಿರದ ಹತ್ತಿರ ಹೋಯಿತು. ನಿಜ ಹೇಳಬೇಕೆಂದರೆ ಬಿಡುವ ಯೋಚನೆ ಹುಟ್ಟಿದ್ದು ಆರೋಗ್ಯಕ್ಕಲ್ಲ, ದುಡ್ಡಿಗೆ.

ಮೊದಲ ಸಲ ಒಂದೇ ಏಟಿಗೆ ನಿಲ್ಲಿಸಿದೆ. ಎರಡನೇ ದಿನಕ್ಕೇ ಆಕಳಿಕೆ, ಮೂಗು ಸೋರುವುದು, ಮೈಯೆಲ್ಲ ಮುಳ್ಳು, ಭೇದಿ. ರಾತ್ರಿ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅದೆಲ್ಲ ಕೇಳಿ ಗೊತ್ತಿತ್ತು. ಗೊತ್ತಿರದೇ ಇದ್ದದ್ದು ತಲೆಯೊಳಗೆ ಕರೆಂಟು ಹೊಡೆದ ಹಾಗಾಗುವುದು, ಕಾರಣವೇ ಇಲ್ಲದೆ ಜೀವ ಹೋಗುವಷ್ಟು ಗಾಬರಿ. ಟ್ರಮಡಾಲ್ ಅಫೀಮಿನ ಜಾತಿಯ ಕೆಲಸ ಅಷ್ಟೇ ಅಲ್ಲ, ಡಿಪ್ರೆಶನ್ ಮಾತ್ರೆಗಳ ಹಾಗೆ ಮಿದುಳಿನ ಸೆರೊಟೋನಿನ್ ಅನ್ನುವ ರಾಸಾಯನಿಕದ ಮೇಲೂ ಕೈಯಾಡಿಸುತ್ತೆ, ಹಾಗಾಗಿ ಬಿಟ್ಟಾಗ ಎರಡು ಕಡೆಯಿಂದ ಏಟು. ಮೂರನೇ ದಿನ ಮತ್ತೆ ಶುರು.

ಎರಡನೇ ಸಲ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರ. ಮೂವತ್ತೈದು ಸಾವಿರ ಕಟ್ಟಿದೆ, ಪ್ರೆಸ್ ಮುಚ್ಚಿದ ನಷ್ಟ ಬೇರೆ. ಕುಡಿತ ಬಿಡಲು ಬಂದವರ ಜೊತೆ ಕೂರಿಸಿ ಭಜನೆ ಮಾಡಿಸಿದರು, ನಿದ್ದೆ ಬರಿಸಿದರು, ಕಳಿಸಿದರು. ಸೊಂಟ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಮನೆಗೆ ಬಂದು ಮೊದಲ ರೀಮು ಎತ್ತಿದ ದಿನವೇ ಮಾತ್ರೆ ಬಾಯಿಗೆ ಬಿತ್ತು. ಮಾತ್ರೆ ಬಿಟ್ಟು ಹೊರಬಂದವನು ಹಳೆ ಡೋಸಿಗೇ ಕೈಹಾಕಿದರೆ ಉಸಿರೇ ನಿಲ್ಲಬಹುದು, ದೇಹಕ್ಕೆ ಆ ರೂಢಿ ಹೋಗಿರುತ್ತೆ. ಆ ಎಚ್ಚರಿಕೆಯನ್ನೂ ಯಾರೂ ಕೊಟ್ಟಿರಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಓಪಿಡಿಯಲ್ಲಿ. "ನನಗೇನು ಹುಚ್ಚಾ?" ಅಂತ ರೇಗಾಡಿಕೊಂಡೇ ಹೋಗಿದ್ದೆ. ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಭಾರ ಎತ್ತುತ್ತೀರಿ ಅಂತ.

ಎಸ್‌ಆರ್ ಮಾತ್ರೆ ಮುರಿಯುವ ಹಾಗಿಲ್ಲ, ಮುರಿದರೆ ಹನ್ನೆರಡು ಗಂಟೆಯದ್ದು ಒಮ್ಮೆಗೇ ರಕ್ತಕ್ಕೆ ಇಳಿಯುತ್ತೆ. ಅದಕ್ಕೆ ಮೊದಲು ಅಷ್ಟೇ ಪ್ರಮಾಣಕ್ಕೆ 50ರ ಕ್ಯಾಪ್ಸೂಲ್ ಮಾಡಿದರು. ಎರಡು ವಾರಕ್ಕೊಮ್ಮೆ ಒಂದು ಕ್ಯಾಪ್ಸೂಲ್ ಕಡಿಮೆ. 200ಕ್ಕೆ ಬರಲು ಸುಮಾರು ಎರಡು ತಿಂಗಳು, ಸಲೀಸು. ಭಾವನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ ಕೂಡ. ಅಸಲಿ ಕಷ್ಟ ಅಲ್ಲಿಂದ ಕೆಳಗೆ. 400ರಲ್ಲಿ 50 ಹೋದರೆ ಎಂಟರಲ್ಲಿ ಒಂದು ಪಾಲು, 100ರಲ್ಲಿ 50 ಹೋದರೆ ಅರ್ಧಕ್ಕರ್ಧ. ಹಾಗಾಗಿ 200ರಿಂದ ಒಂದೊಂದು ಮೆಟ್ಟಿಲಿಗೂ ತಿಂಗಳ ಹತ್ತಿರ. 100ರ ಕೆಳಗೆ ಪ್ಯಾರಾಸಿಟಮಾಲ್ ಸೇರಿದ 37.5ರ ಮಾತ್ರೆ: ಎರಡು, ಒಂದೂವರೆ, ಒಂದು, ಅರ್ಧ. ಆ ದಿನಗಳಲ್ಲಿ ಬೇರೆ ಪ್ಯಾರಾಸಿಟಮಾಲ್ ನುಂಗಬಾರದು ಅಂತ ತಾಕೀತು. ಕೆಳಗಿನ ಅರ್ಧಕ್ಕೆ ಆರೇಳು ತಿಂಗಳೇ ಹಿಡಿಯಿತು.

ನೋವು ನೋಡಿ ಮಾತ್ರೆ ನುಂಗುವುದು ನಿಂತಿತು, ಗಡಿಯಾರ ನೋಡಿ ಮಾತ್ರ. ಸ್ಟ್ರಿಪ್ಪು ಹೆಂಡತಿಯ ಬೀರುವಿನಲ್ಲಿ. ತೀರಾ ಕಷ್ಟವಾದರೆ ಅದೇ ಮೆಟ್ಟಿಲಲ್ಲಿ ಇನ್ನೊಂದು ವಾರ ಕೂರು, ಮೇಲೆ ಹತ್ತಬೇಡ. ರಾತ್ರಿಯದನ್ನು ಎಲ್ಲಕ್ಕಿಂತ ಕೊನೆಗೆ ತೆಗೆದೆವು. ಬೆವರು, ಗಾಬರಿಗೆ ಮೇಡಂ ಇನ್ನೊಂದು ಮಾತ್ರೆ ಬರೆದಿದ್ದರು, ಬಿಪಿ ನೋಡಿ ನೋಡಿ ಕೊಡುವಂಥದ್ದು. ಅದರ ಹೆಸರು ಹೇಳಲ್ಲ. ಹೇಳಿದರೆ ನೀವು ನೇರ ಅಂಗಡಿಗೆ ಹೋಗ್ತೀರಿ, ನಾನೇ ಹೋಗ್ತಿದ್ದೆ.

ನಡುವೆ ನನ್ನದೇ ಪ್ರಯೋಗಗಳೂ ನಡೆದವು. ಅಕ್ಕಸಾಲಿಗ ಗೆಳೆಯನ ತಕ್ಕಡಿಯಲ್ಲಿ ಕ್ಯಾಪ್ಸೂಲಿನ ಪುಡಿ ತೂಗಿ ಪಾಲು ಮಾಡಲು ಹೋದೆ. ತೂಕವೇನೋ ಬಂತು, ಒಂದು ಪೊಟ್ಟಣಕ್ಕೂ ಇನ್ನೊಂದಕ್ಕೂ ಮೈಗೆ ಹತ್ತುವುದು ಬೇರೆ ಬೇರೆ. ಮೇಡಂ ಬೈದು ನಿಲ್ಲಿಸಿದರು. ಕಾಲಿನ ಚಡಪಡಿಕೆಗೆ ಮಲಗುವ ಮುಂಚೆ ಹಂಡೆ ನೀರಿನ ಸ್ನಾನ, ಇದು ಪಕ್ಕಾ ಕೆಲಸ ಮಾಡಿತು. ಹುರುಳಿ ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರೆ ಸೊಂಟಕ್ಕೆ ಹಾಯೆನಿಸುತ್ತಿತ್ತು, ಆದರೆ ಒಂದು ಗಂಟೆಯ ಸುಖ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟಿದ್ದು ನಿದ್ದೆಗೆ ಒಳ್ಳೆಯದಾಯಿತು, ಸ್ವಭಾವಕ್ಕೆ ಕೆಟ್ಟದ್ದು, ಮನೆಯವರನ್ನು ಕೇಳಿ.

ಎಲ್ಲಕ್ಕಿಂತ ಲಾಭದ ಖರ್ಚು ಅಂದರೆ ರೀಮು ಸಾಗಿಸುವ ಸೆಕೆಂಡ್‌ಹ್ಯಾಂಡ್ ಟ್ರಾಲಿ. ಒಂಬತ್ತು ಸಾವಿರವೋ ಏನೋ. ಅದನ್ನು ಐದು ವರ್ಷ ಮೊದಲೇ ಕೊಂಡಿದ್ದರೆ ಮಾತ್ರೆಗೆ ಸುರಿದ ಲಕ್ಷದ ಮೇಲಿನ ದುಡ್ಡು ಉಳಿಯುತ್ತಿತ್ತು. ಆಸ್ಪತ್ರೆ, ಮಾತ್ರೆ, ಫಿಸಿಯೋ ಎಲ್ಲ ಸೇರಿ ಈ ಸಲ ಹತ್ತು ಸಾವಿರ ದಾಟಿಲ್ಲ.

ನೋವು ಕಮ್ಮಿಯಾಗಿದೆ ಅಂದರೆ ಭಾವ ಈಗಲೂ ನಂಬಲ್ಲ. ಇಂಥ ಮಾತ್ರೆ ವರ್ಷಗಟ್ಟಲೆ ತಿಂದರೆ ಕೆಲವರಲ್ಲಿ ನರಗಳೇ ನೋವನ್ನು ಹೆಚ್ಚಿಸಿ ತೋರಿಸುತ್ತವಂತೆ, ಮೇಡಂ ಅದನ್ನು ಮೊದಲೇ ಹೇಳಿದ್ದರು. ಈಗ ನೋವಿಗೆ ಡುಲೊಕ್ಸೆಟಿನ್ ಅನ್ನುವ ಡಿಪ್ರೆಶನ್ ಜಾತಿಯ ಮಾತ್ರೆ ಇದೆ, ಅದೂ ಟ್ರಮಡಾಲ್ ಪೂರ್ತಿ ಹೋದ ಮೇಲೆ ಕೊಟ್ಟದ್ದು, ಎರಡೂ ಒಟ್ಟಿಗೆ ಸೇರಿದರೆ ಅಪಾಯ. ಟ್ರಮಡಾಲ್‌ನಿಂದ ಬಂದಿದ್ದ ಮಲಬದ್ಧತೆ ಹೋಗಿ ಇಸಬ್‌ಗೋಲ್ ಡಬ್ಬಿ ಮೂಲೆಗೆ ಬಿದ್ದಿದೆ.

ಟಾಪೆಂಟಡಾಲ್ ಅನ್ನುವ ಇದೇ ಜಾತಿಯ ಇನ್ನೊಂದು ಮಾತ್ರೆ ತಗೊಳ್ಳುವ ಇಬ್ಬರು ನನ್ನ ಚೀಟಿಯ ಫೋಟೋ ಕೇಳಿದರು. ಕೊಡಲಿಲ್ಲ. ಮಾತ್ರೆ ಬೇರೆ, ಮೆಟ್ಟಿಲು ಬೇರೆ. ಬೆಂಗಳೂರಿನ ಕಡೆಯವರಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವುದಕ್ಕೇ ಒಂದು ವಿಭಾಗವಿದೆ, ಉಳಿದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.