ಕಂಪ್ಯೂಟರ್‌ನಲ್ಲಿ ಇದೆ, ರ‍್ಯಾಕ್‌ನಲ್ಲಿ ಇಲ್ಲ: ಲೈಬ್ರರಿಯಲ್ಲಿ ಪುಸ್ತಕ ಹುಡುಕೋ ಬಗೆ

ಲೈಬ್ರರಿಗೆ ರೆಗ್ಯುಲರ್ ಆಗಿ ಹೋಗೋರಿಗೆಲ್ಲ ಇದು ಆಗೇ ಆಗಿರುತ್ತೆ. ಕಂಪ್ಯೂಟರ್‌ನಲ್ಲಿ ಪುಸ್ತಕ ಲಭ್ಯ ಇದೆ ಅಂತ ತೋರಿಸುತ್ತೆ, ಪುಸ್ತಕದ ಜಾಗ ಹೇಳೋ ನಂಬರ್ ಬರ್ಕೊಂಡು ರ‍್ಯಾಕ್ ಹತ್ರ ಹೋದ್ರೆ ಅಕ್ಕಪಕ್ಕದ ಪುಸ್ತಕಗಳು ಏನೂ ಆಗೇ ಇಲ್ಲ ಅನ್ನೋ ಥರ ಒತ್ತೊತ್ತಾಗಿ ನಿಂತಿರ್ತವೆ, ನಮಗೆ ಬೇಕಾದ್ದು ಮಾತ್ರ ಇಲ್ಲ. ನಾನೂ ಬಹಳ ವರ್ಷ ಅಷ್ಟಕ್ಕೇ ಕೈಬಿಟ್ಟು ಬೇರೆ ಏನೋ ಎತ್ಕೊಂಡು ಬರ್ತಿದ್ದೆ. ಆಮೇಲೆ ಗೊತ್ತಾಯ್ತು, ಇಂಥ ಪುಸ್ತಕಗಳು ಎಷ್ಟೋ ಸಲ ಅದೇ ಬಿಲ್ಡಿಂಗ್ ಒಳಗೇ ಇರ್ತವೆ, ಕೆಲವೊಮ್ಮೆ ನಾವು ನಿಂತ ಜಾಗದಿಂದ ಒಂದು ಮೊಳ ದೂರದಲ್ಲೇ.

ಮೊದಲು ನಿಮ್ಮನ್ನೇ ಡೌಟ್ ಮಾಡ್ಕೊಳ್ಳಿ, ನಂಬರ್ ಸರಿಯಾಗಿ ಓದಿದೀರಾ ಅಂತ. ಬಹಳ ಲೈಬ್ರರಿಗಳಲ್ಲಿ ಪುಸ್ತಕ ಜೋಡಿಸೋದು ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ದಶಮಾಂಶ ಪದ್ಧತಿ ಪ್ರಕಾರ, 000ದಿಂದ 999ರವರೆಗೆ. 500 ಅಂದ್ರೆ ವಿಜ್ಞಾನ, 520 ಖಗೋಳ, 641 ಅಡುಗೆ, 796 ಆಟೋಟ, ಹೀಗೆ. ಇದರಲ್ಲಿ ಎಲ್ಲರೂ ಎಡವೋದು ಚುಕ್ಕಿ ಆದ್ಮೇಲೆ. ಕನ್ನಡ ಸಾಹಿತ್ಯದ ನಂಬರ್ 894.814, ಈಗ ಹೇಳಿ, ಇದು 894.82ಕ್ಕಿಂತ ಮೊದಲು ಬರುತ್ತಾ ಆಮೇಲೆ ಬರುತ್ತಾ? ಎಂಟುನೂರ ಹದಿನಾಲ್ಕು ದೊಡ್ಡದು, ಎಂಬತ್ತೆರಡು ಚಿಕ್ಕದು ಅಂದ್ಕೊಂಡ್ರೆ ಕೆಟ್ರಿ. ಚುಕ್ಕಿ ಆದ್ಮೇಲೆ ಒಂದೊಂದೇ ಅಂಕಿ ಹೋಲಿಸ್ಕೊಂಡು ಹೋಗ್ಬೇಕು, ಎಂಟು ಎಂಟು ಸಮ, ಆಮೇಲೆ ಒಂದು ಮತ್ತು ಎರಡು, ಒಂದು ಚಿಕ್ಕದು, ಹಾಗಾಗಿ .814 ಮೊದಲು. ಶಾಲೆಯಲ್ಲಿ ಕಲಿತದ್ದೇ, ಆದ್ರೂ ರ‍್ಯಾಕ್ ಮುಂದೆ ನಿಂತಾಗ ನೆನಪಿಗೆ ಬರಲ್ಲ, ಮತ್ತೆ ಪುಸ್ತಕ ವಾಪಸ್ ಇಡೋರೂ ಇದೇ ತಪ್ಪು ಮಾಡಿರ್ತಾರೆ ಅನ್ನೋದು ನೆನಪಿರ್ಲಿ. ಕೆಲವು ಕಡೆ ಡ್ಯೂಯಿ ಬದಲು ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರ 1933ರ ಕೋಲನ್ ಪದ್ಧತಿ ಇರುತ್ತೆ, ಅಲ್ಲಿ ಅಕ್ಷರ ಮತ್ತು ಚಿಹ್ನೆಗಳೂ ಸೇರ್ಕೊಂಡಿರ್ತವೆ, ಅಂಥ ಕಡೆ ಲೆಕ್ಕ ಹಾಕೋ ಬದಲು ಲೇಬಲ್ ಹೇಗಿದೆಯೋ ಹಾಗೇ ಅಕ್ಷರಶಃ ಬರ್ಕೊಂಡು ಹೋಗಿ.

ನಂಬರ್ ಸರಿ ಇದೆ ಅಂತಾದ್ರೆ ಅದರ ಕೆಳಗಿರೋ ಅಕ್ಷರ ನೋಡಿ. ಸಾಮಾನ್ಯವಾಗಿ ಅದು ಲೇಖಕರ ಹೆಸರಿನ ಮೊದಲ ಎರಡು ಮೂರು ಅಕ್ಷರ, ಆದ್ರೆ ಯಾವ ಹೆಸರು ಅನ್ನೋದೇ ನಮ್ಮಲ್ಲಿ ತಾಪತ್ರಯ. ಊರ ಹೆಸರು, ಅಪ್ಪನ ಹೆಸರು, ಸ್ವಂತ ಹೆಸರು, ಮನೆತನದ ಹೆಸರು ಎಲ್ಲ ಇರೋ ಲೇಖಕರನ್ನ ಒಬ್ಬರು ಕೊನೇ ಹೆಸರಲ್ಲಿ ಎಂಟ್ರಿ ಮಾಡಿರ್ತಾರೆ, ಇನ್ನೊಬ್ಬರು ಮೊದಲ ಹೆಸರಲ್ಲಿ. ಒಬ್ಬನೇ ಲೇಖಕನ ಎರಡು ಪುಸ್ತಕ ಎರಡು ಮೂಲೆಯಲ್ಲಿರೋದನ್ನ ನಾನೇ ನೋಡಿದೀನಿ. ಎರಡೂ ಕಡೆ ನೋಡಿಬಿಡಿ.

ಈಗ ಕಣ್ಣಿಗೆ ಕೆಲಸ. ಆ ಪುಸ್ತಕ ಇರಬೇಕಾದ ಸಾಲಿನ ಮೇಲಿನದ್ದು ಕೆಳಗಿನದ್ದು ಪೂರ್ತಿ ನೋಡಿ, ನಂಬರ್ ನೋಡ್ಬೇಡಿ, ಪುಸ್ತಕದ ಬೆನ್ನಿನ ಬಣ್ಣ ನೋಡಿ. ಕವರ್ ಹೇಗಿದೆ ಅಂತ ಮೊದಲೇ ಫೋನಲ್ಲಿ ನೋಡ್ಕೊಂಡು ಬಂದ್ರೆ ಬೇಗ ಸಿಗುತ್ತೆ, ಆದ್ರೆ ಲೈಬ್ರರಿ ಬೈಂಡಿಂಗ್ ಮಾಡಿಸಿದ್ರೆ ಮಾತ್ರ ಇದು ಕೈಕೊಡುತ್ತೆ, ಎಲ್ಲ ಒಂದೇ ಥರ ಕಂದು ಬಣ್ಣದ ರಟ್ಟು. ಆಮೇಲೆ ಸಾಲಿನ ಹಿಂದೆ ಕೈ ಹಾಕಿ ನೋಡಿ, ತೆಳು ಪುಸ್ತಕಗಳು ಹಿಂದಕ್ಕೆ ಜಾರಿ ಬಿದ್ದಿರ್ತವೆ, ಧೂಳು ಬಿಟ್ರೆ ನಷ್ಟ ಏನಿಲ್ಲ. ಸಾಲಿನ ಮೇಲೆ ಅಡ್ಡಡ್ಡ ಮಲಗಿಸಿರೋದನ್ನೂ ಎತ್ತಿ ನೋಡಿ. ಅಲ್ಲೂ ಇಲ್ಲಾಂದ್ರೆ ಅಂಕಿ ಅದಲುಬದಲಾಗಿರ್ಬಹುದು, 549ರ ಪುಸ್ತಕವನ್ನ 594ರಲ್ಲಿ ಹುಡುಕಿ, ನಂಬಿ, ಸಿಗುತ್ತೆ.

ಇಲ್ಲಿ ಒಂದು ಮಾತು, ಪರೀಕ್ಷೆ ಸೀಸನ್‌ನಲ್ಲಿ ಪುಸ್ತಕ ಕಾಣೆಯಾಗೋದಕ್ಕೆ ಬೇರೆ ಕಾರಣ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರು ನಾಳೆ ಮತ್ತೆ ತಮಗೇ ಸಿಗಲಿ ಅಂತ ಯಾರೂ ಹೋಗದ ರ‍್ಯಾಕ್‌ನಲ್ಲಿ ಬಚ್ಚಿಟ್ಟು ಹೋಗ್ತಾರೆ. ಹೆಚ್ಚಾಗಿ ಅದು ತಾವು ಕೂರೋ ಟೇಬಲ್‌ಗೆ ಹತ್ತಿರದ, ಕೆಳಗಿನ ಸಾಲು, ದಪ್ಪ ಸಂಪುಟಗಳ ಹಿಂದೆ. ಇದು ನನಗೆ ಹೇಗೆ ಗೊತ್ತು ಅಂತ ಕೇಳ್ಬೇಡಿ, ಓದೋ ದಿನಗಳಲ್ಲಿ ನಾನೇನು ಸಾಚಾ ಅಲ್ಲ.

ರ‍್ಯಾಕ್ ಮುಗೀತು ಅಂದ್ರೆ ವಾಪಸ್ ಬಂದ ಪುಸ್ತಕಗಳ ಟ್ರಾಲಿ. ಕೌಂಟರ್‌ನಲ್ಲಿ ಸ್ಕ್ಯಾನ್ ಆದ ತಕ್ಷಣ ಕಂಪ್ಯೂಟರ್‌ನಲ್ಲಿ ಲಭ್ಯ ಅಂತ ಬಂದ್ಬಿಡುತ್ತೆ, ಪುಸ್ತಕ ಮಾತ್ರ ಯಾರಾದ್ರೂ ಎತ್ತಿಡೋವರೆಗೂ ಟ್ರಾಲಿಯಲ್ಲೇ. ರಜೆ ಮುಗಿದ ಮರುದಿನ ಅಂತೂ ಟ್ರಾಲಿ ತುಂಬಿ ತುಳುಕ್ತಿರುತ್ತೆ, ನಾನು ಈಗೀಗ ರ‍್ಯಾಕ್‌ಗೆ ಹೋಗೋಕೆ ಮುಂಚೆ ಅದನ್ನೇ ನೋಡೋದು, ಬೇರೆಯವರು ಏನು ಓದ್ತಿದಾರೆ ಅಂತಾನೂ ಗೊತ್ತಾಗುತ್ತೆ. ಓದೋ ಟೇಬಲ್‌ಗಳು, ಹೊಸ ಪುಸ್ತಕಗಳ ಡಿಸ್ಪ್ಲೇ, ದೊಡ್ಡ ಸೈಜಿನ ಪುಸ್ತಕಗಳಿಗೆ ಬೇರೆ ಇಟ್ಟಿರೋ ಜಾಗ, ಇವನ್ನೂ ಒಂದು ರೌಂಡ್ ಹಾಕಿ.

ಇನ್ನು ಕಂಪ್ಯೂಟರ್‌ನಲ್ಲೇ ಸಿಗ್ತಿಲ್ಲ ಅಂದ್ರೆ ಪುಸ್ತಕ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ. ಕನ್ನಡ ಪುಸ್ತಕಗಳನ್ನ ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಎಂಟ್ರಿ ಮಾಡಿರ್ತಾರೆ, ದೀರ್ಘ ಇದ್ದಲ್ಲಿ ಒಂದು ಅಕ್ಷರವೋ ಎರಡೋ, ಶ ಬರೆಯೋದು ಹೇಗೆ, ವ ಬರೆಯೋದು ಹೇಗೆ, ಟೈಪ್ ಮಾಡಿದೋರ ಇಷ್ಟ. ಕನ್ನಡದಲ್ಲೇ ಇದ್ರೂ ಒಬ್ರು ಎಚ್ ಅಂತ ಹೊಡೆದಿರ್ತಾರೆ ಇನ್ನೊಬ್ರು ಹೆಚ್ ಅಂತ. ಅದಕ್ಕೆ ಪೂರ್ತಿ ಹೆಸರು ಹೊಡೀಬೇಡಿ, ಶೀರ್ಷಿಕೆಯಲ್ಲಿ ಗೊಂದಲ ಇಲ್ಲದ ಒಂದೇ ಒಂದು ಪದ ಹಾಕಿ ಹುಡುಕಿ. ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರೋ ಗುರುತಿನ ಸಂಖ್ಯೆ) ಗೊತ್ತಿದ್ರೆ ಇನ್ನೂ ಒಳ್ಳೇದು. 2007ರಿಂದ ಅದು 13 ಅಂಕಿ ಆಗಿದೆ, ಅದಕ್ಕೂ ಹಿಂದಿನದ್ದು 10 ಅಂಕಿ, ಹಳೇದರ ಮುಂದೆ 978 ಸೇರಿಸಿದ್ರೆ ಸಾಕು ಅನ್ಕೋಬೇಡಿ, ಕೊನೇ ಅಂಕಿಯೂ ಬದಲಾಗುತ್ತೆ, ಹಾಗಾಗಿ ಪುಸ್ತಕದ ಮೇಲೆ ಯಾವುದಿದೆಯೋ ಅದನ್ನೇ ಹಾಕಿ.

ಇಷ್ಟೆಲ್ಲ ಆದ್ಮೇಲೆ ಕೌಂಟರ್‌ಗೆ ಹೋಗಿ, ಆದ್ರೆ ಸುಮ್ನೆ ಪುಸ್ತಕ ಸಿಗ್ತಿಲ್ಲ ಸಾರ್ ಅಂತ ಹೇಳ್ಬೇಡಿ, ಹಾಗಂದ್ರೆ ಸರಿಯಾಗಿ ನೋಡಿ ಅಂತ ವಾಪಸ್ ಕಳಿಸ್ತಾರೆ. ನಂಬರ್ ಬರೆದ ಚೀಟಿ ಕೊಟ್ಟು, ರ‍್ಯಾಕ್ ನೋಡಿದೆ, ಟ್ರಾಲಿ ನೋಡಿದೆ, ಇದು ಕೊನೇ ಸಲ ಯಾವಾಗ ಸ್ಕ್ಯಾನ್ ಆಗಿದೆ ನೋಡಿ ಹೇಳ್ತೀರಾ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಅವರ ಮುಖವೇ ಬದಲಾಗುತ್ತೆ. ಕೋಹಾ ಥರದ ಲೈಬ್ರರಿ ಸಾಫ್ಟ್‌ವೇರ್‌ನಲ್ಲಿ ಪುಸ್ತಕದ ಒಂದೊಂದು ಪ್ರತಿಗೂ ಕೊನೆಗೆ ಕಂಡ ದಿನಾಂಕ ಅಂತ ಇರುತ್ತೆ, ಅದು ಸಿಬ್ಬಂದಿ ಸ್ಕ್ರೀನ್‌ನಲ್ಲಿ ಕಾಣಿಸುತ್ತೆ. ಮೊನ್ನೆ ಅಂತಿದ್ರೆ ಪುಸ್ತಕ ಟ್ರಾಲಿಯಲ್ಲೋ ಟೇಬಲ್ ಮೇಲೋ ಇದೆ, ಎರಡು ದಿನ ಬಿಟ್ಟು ಬನ್ನಿ. ಐದಾರು ವರ್ಷದ ಹಿಂದಿನ ದಿನಾಂಕ ಅಂತಿದ್ರೆ ಅದರ ಆಸೆ ಬಿಟ್ಟು ಬೇರೆ ಶಾಖೆಯ ಪ್ರತಿಗೋ ಬೇರೆ ಲೈಬ್ರರಿಯಿಂದ ತರಿಸಿಕೊಡೋ ಅಂತರ ಗ್ರಂಥಾಲಯ ಎರವಲಿಗೋ ಅರ್ಜಿ ಹಾಕೋದು ವಾಸಿ. ಸ್ಟಾಕ್ ರೂಮು, ರಿಪೇರಿಗೆ ತೆಗೆದಿಟ್ಟ ಕಟ್ಟು, ಇನ್ಯಾರಿಗೋ ರಿಸರ್ವ್ ಮಾಡಿಟ್ಟ ಕಪಾಟು, ಇವು ಮೂರೂ ನಮಗೆ ಪ್ರವೇಶ ಇಲ್ಲದ ಜಾಗ, ಅಲ್ಲಿ ನೋಡ್ಬೇಕಾದ್ದು ಅವರೇ. ಓದುಗರ ಸಮಯ ಉಳಿಸಿ ಅನ್ನೋದು ರಂಗನಾಥನ್ 1931ರಲ್ಲೇ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೇದು, ಆದ್ರೆ ಅದನ್ನ ಕೌಂಟರ್‌ನಲ್ಲಿ ನಿಂತು ಅವರಿಗೇ ನೆನಪಿಸೋಕೆ ಹೋಗ್ಬೇಡಿ, ನಾನು ಒಂದ್ಸಲ ಹೋಗಿ ಚೆನ್ನಾಗಿ ಉಗಿಸ್ಕೊಂಡಿದೀನಿ.

ಹುಡುಕೋವಾಗ ಹತ್ತು ಪುಸ್ತಕ ಎಳೆದಿರ್ತೀರಿ ಅಲ್ವಾ, ಜಾಗ ಖಾತ್ರಿ ಇಲ್ಲ ಅಂದ್ರೆ ಅಂದಾಜಿನ ಮೇಲೆ ತುರುಕಬೇಡಿ, ಟೇಬಲ್ ಮೇಲೆ ಬಿಟ್ಟು ಹೋಗಿ. ಕೆಲವು ಲೈಬ್ರರಿಗಳು ಟೇಬಲ್ ಮೇಲೆ ಉಳಿದಿದ್ದನ್ನ ಸ್ಕ್ಯಾನ್ ಮಾಡಿ ಒಳಗೇ ಕೂತು ಓದಿದ ಲೆಕ್ಕಕ್ಕೆ ಸೇರಿಸ್ತವೆ, ಅದೂ ಪುಸ್ತಕ ಬಳಕೆಯಲ್ಲಿದೆ ಅನ್ನೋದಕ್ಕೆ ಸಾಕ್ಷಿ. ಮತ್ತೆ ನೀವು ಕಂಪ್ಲೇಂಟ್ ಮಾಡಿದ ಮೇಲೆ ಪುಸ್ತಕ ನಿಮಗೇ ಎಲ್ಲೋ ಸಿಕ್ತು ಅಂದ್ರೆ ಕೌಂಟರ್‌ಗೆ ಹೋಗಿ ಹೇಳಿ, ಅಷ್ಟೊತ್ತಿಗೆ ಅವರು ಕಾಣೆಯಾಗಿದೆ ಅಂತ ಮಾರ್ಕ್ ಮಾಡಿರ್ತಾರೆ, ಅದನ್ನ ತೆಗೆಸದೇ ಹೋದ್ರೆ ಪುಸ್ತಕ ರ‍್ಯಾಕ್‌ನಲ್ಲಿ ಕೂತಿದ್ರೂ ಕಂಪ್ಯೂಟರ್ ಪ್ರಕಾರ ಇರೋದೇ ಇಲ್ಲ, ಮುಂದೆ ಅದನ್ನ ಹುಡುಕೋನು ಮನೆಯಿಂದ ಹೊರಡೋದೂ ಇಲ್ಲ.