ಕಿಲೋಮೀಟರ್ ಬಿಡಿ, ರಾತ್ರಿ ಎಣಿಸಿ: ದೇಶ ಸುತ್ತಲು ಹೊರಟವರಿಗೆ ಒಂದು ಲೆಕ್ಕ

ದೆಹಲಿ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ ನಾನು ಕಿಲೋಮೀಟರ್ ಹೇಳುವುದಿಲ್ಲ. ಎರಡು ರಾತ್ರಿ ಅನ್ನುತ್ತೇನೆ. ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ರಾಯಚೂರು, ಯಾದಗಿರಿ ದಾಟುವಾಗ ಒಂದು ನಿದ್ದೆ. ಮಧ್ಯಪ್ರದೇಶದಲ್ಲಿ ಇನ್ನೊಂದು. ಮೂರನೆಯ ದಿನ ಬೆಳಿಗ್ಗೆ ದೆಹಲಿ. ಇಷ್ಟು ದೊಡ್ಡ ದೇಶದಲ್ಲಿ ಓಡಾಡುವವರಿಗೆ ಈ ರಾತ್ರಿಗಳ ಲೆಕ್ಕ ಒಂದು ಗೊತ್ತಿದ್ದರೆ ರೈಲೋ, ಬಸ್ಸೋ, ವಿಮಾನವೋ ಅನ್ನುವ ಜಗಳ ಅರ್ಧ ಮುಗಿದಂತೆ.

ಮನೆಯಲ್ಲಿ ಕೂತು ಒಂದು ಹಾಳೆ ತೆಗೆದುಕೊಳ್ಳಿ. ಹೋಗಬೇಕಾದ ಊರುಗಳನ್ನು ಬರೆಯಿರಿ. ಪ್ರತಿ ಊರಿನ ಮುಂದೆ ಎಷ್ಟು ರಾತ್ರಿ ಅಂತ ಹಾಕಿ. ಬೆಂಗಳೂರಿನಿಂದ ಹೈದರಾಬಾದ್, ಎರ್ನಾಕುಲಂ, ಗೋವಾ, ಪುಣೆ, ಮುಂಬೈ ಒಂದು ರಾತ್ರಿಯ ಊರುಗಳು. ದೆಹಲಿ, ಪಟ್ನಾ ಎರಡು ರಾತ್ರಿ. ಕೋಲ್ಕತ್ತಕ್ಕೆ ರೈಲು ನೋಡಿಕೊಂಡು ಒಂದು ಅಥವಾ ಎರಡು. ಗುವಾಹಟಿ ಅಂದರೆ ಎರಡು ದಾಟುತ್ತದೆ. ಕನ್ಯಾಕುಮಾರಿಯಿಂದ ಅಸ್ಸಾಮಿನ ದಿಬ್ರುಗಢಕ್ಕೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್ 4,000 ಕಿಲೋಮೀಟರಿಗೂ ಜಾಸ್ತಿ ಓಡುತ್ತದೆ, ಮೂರು ದಿನ ದಾಟಿಸುತ್ತದೆ. ನಮ್ಮ ದೇಶದಲ್ಲಿ ಒಂದೇ ರೈಲು ಇಷ್ಟು ದೂರ ಹೋಗುವುದು ಇನ್ನೊಂದಿಲ್ಲ.

ಒಂದು ರಾತ್ರಿಯ ಊರಿಗೆ ಕಣ್ಣು ಮುಚ್ಚಿ ರೈಲು ಅಥವಾ ಸ್ಲೀಪರ್ ಬಸ್. ರೂಮಿನ ಬಾಡಿಗೆಯೂ ಉಳಿಯಿತು, ಹಗಲೂ ಉಳಿಯಿತು. ಎರಡು ರಾತ್ರಿಯ ಊರಿಗೆ ನನ್ನ ಪದ್ಧತಿ ಬೇರೆ. ಹೋಗುವಾಗ ರೈಲು, ಬರುವಾಗ ವಿಮಾನ. ಹೋಗುವಾಗ ಹುರುಪಿರುತ್ತದೆ, ಕಿಟಕಿ ಬೇಕು, ಚಹಾ ಬೇಕು, ಎದುರು ಸೀಟಿನವರ ಮನೆ ಕಥೆ ಬೇಕು. ಬರುವಾಗ ನಮ್ಮ ಮನೆ ಬಿಟ್ಟು ಏನೂ ಬೇಡ. ಮೂರು ರಾತ್ರಿಯ ಊರಿಗೆ ಸುಮ್ನೆ ಹಠ ಮಾಡಬೇಡಿ. ವಿಮಾನದಲ್ಲಿ ಹೋಗಿ, ಅಲ್ಲಿನ ರೈಲು, ಜೀಪುಗಳಲ್ಲಿ ಸುತ್ತಿ.

ವಿಮಾನದ ಸಮಯ ಬರೆಯುವಾಗ ಮಾತ್ರ ಮೋಸ ಹೋಗಬೇಡಿ. ಬೆಂಗಳೂರು–ದೆಹಲಿ ಆಕಾಶದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಜಯನಗರದ ಮನೆಯಿಂದ ದೇವನಹಳ್ಳಿಗೆ ಹೋಗಿ, ತಪಾಸಣೆ ಮುಗಿಸಿ, ಅಲ್ಲಿ ಇಳಿದು, ಬ್ಯಾಗಿಗೆ ಕಾದು, ಊರೊಳಗೆ ಸೇರುವಷ್ಟರಲ್ಲಿ ಏಳೆಂಟು ಗಂಟೆ ಆಗಿರುತ್ತದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಎರಡು ಟರ್ಮಿನಲ್ ಇವೆ, ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಕೊಂಡೇ ಮನೆ ಬಿಡಿ. ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಸಾಮಾನ್ಯವಾಗಿ 15 ಕಿಲೋ ಲಗೇಜು, ಕೈಚೀಲ 7 ಕಿಲೋ. ರೈಲಿನ ಸ್ಲೀಪರ್‌ನಲ್ಲಿ 40 ಕಿಲೋವರೆಗೆ ಪುಕ್ಕಟೆ. ಮಗಳ ಮನೆಗೆ ಉಪ್ಪಿನಕಾಯಿ ಭರಣಿ ಒಯ್ಯುವವರಿಗೆ ಈ ಒಂದು ಲೆಕ್ಕವೇ ಸಾಕು.

ಸ್ಟೇಷನ್ ಯಾವುದು?

ಊರು ಗೊತ್ತಾದರೆ ಸಾಲದು, ಸ್ಟೇಷನ್ ಗೊತ್ತಾಗಬೇಕು. ಬೆಂಗಳೂರಿನಲ್ಲೇ ದೂರದ ರೈಲುಗಳು ಮುಖ್ಯವಾಗಿ ಮೂರು ಕಡೆಯಿಂದ ಹೊರಡುತ್ತವೆ: ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಯಶವಂತಪುರ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಈ ಕೊನೆಯದು 2022ರಲ್ಲಿ ಶುರುವಾಯಿತು. ಪೂರ್ವದ ಕಡೆ ಹೋಗುವ ಎಷ್ಟೋ ರೈಲುಗಳು ಈಗ ಅಲ್ಲಿಂದಲೇ ಹೊರಡುತ್ತವೆ. ‘ಬೆಂಗಳೂರು ಅಂದರೆ ಮೆಜೆಸ್ಟಿಕ್’ ಅಂದುಕೊಂಡು ರೈಲು ತಪ್ಪಿಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ದೆಹಲಿಯಲ್ಲಿ ನವದೆಹಲಿ, ಹಳೇ ದೆಹಲಿ, ಹಜರತ್ ನಿಜಾಮುದ್ದೀನ್, ಆನಂದ್ ವಿಹಾರ್. ಕೋಲ್ಕತ್ತದಲ್ಲಿ ಹೌರಾ, ಸಿಯಾಲ್ದಾ, ಶಾಲಿಮಾರ್, ಜೊತೆಗೆ ಕೋಲ್ಕತ್ತ ಅನ್ನುವ ಹೆಸರಿನದೇ ಇನ್ನೊಂದು. ಮುಂಬೈಯಲ್ಲಿ ಸಿಎಸ್‌ಎಂಟಿ, ದಾದರ್, ಲೋಕಮಾನ್ಯ ತಿಲಕ್, ಬಾಂದ್ರಾ, ಮುಂಬೈ ಸೆಂಟ್ರಲ್. ಒಂದು ರೈಲು ಇಳಿದು ಇನ್ನೊಂದು ಹತ್ತುವುದಿದ್ದರೆ ಎರಡೂ ಒಂದೇ ಸ್ಟೇಷನ್ನಾ ಅಂತ ಎರಡು ಸಲ ನೋಡಿ. ಬೇರೆ ಬೇರೆ ಆಗಿದ್ದರೆ ನಡುವೆ ನಾಲ್ಕೈದು ಗಂಟೆಯಾದರೂ ಇರಲಿ.

ಇನ್ನು ತಾರೀಖು. ಇದು ನನ್ನದೇ ಪೆದ್ದುತನ. ಒಂದು ಸಲ 15ನೇ ತಾರೀಖು 00:20ರ ರೈಲಿಗೆ ಟಿಕೆಟ್ ಮಾಡಿಸಿದ್ದೆ. 15ರಂದು ರಾತ್ರಿ ಊಟ ಮುಗಿಸಿ, ಎಲ್ಲರಿಗೂ ಟಾಟಾ ಹೇಳಿ, ಹನ್ನೊಂದೂವರೆಗೆ ಸ್ಟೇಷನ್ ಸೇರಿದೆ. ಬೋರ್ಡಿನಲ್ಲಿ ರೈಲು ಇತ್ತು. ಬರ್ತಿನಲ್ಲಿ ಬೇರೆಯವರು ಆಗಲೇ ಬೆಡ್‌ಶೀಟ್ ಹಾಸಿದ್ದರು. ಟಿಕೆಟ್ ನೋಡಿದ ಟಿಟಿಇ ನಗದೆ ಹೇಳಿದರು: ‘ನಿಮ್ಮ ರೈಲು ನಿನ್ನೆ ರಾತ್ರಿನೇ ಹೋಯ್ತಲ್ಲ ಸಾರ್.’ ರೈಲ್ವೆ ಲೆಕ್ಕದಲ್ಲಿ ಹನ್ನೆರಡು ಹೊಡೆದರೆ ತಾರೀಖು ಬದಲು. 15ರ 00:20 ಅಂದರೆ 14ರ ರಾತ್ರಿ ಊಟ ಮಾಡಿ ಹೊರಡಬೇಕು. ಅಂಥ ಟಿಕೆಟ್ ಮಾಡಿಸಿದ ತಕ್ಷಣ ಕ್ಯಾಲೆಂಡರಿನಲ್ಲಿ ಹಿಂದಿನ ದಿನಕ್ಕೆ ಗುರುತು ಹಾಕಿ.

ಟಿಕೆಟ್ ಹಿಡಿಯುವ ಕೆಲಸ

ರೈಲು ಟಿಕೆಟ್ 60 ದಿನ ಮುಂಚೆ ಸಿಗುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್ 1ರಿಂದ ಇಳಿಸಿದರು. ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ದಸರಾ, ದೀಪಾವಳಿ, ಬೇಸಿಗೆ ರಜೆಯ ರೈಲುಗಳಾದರೆ ಆ ಹೊತ್ತಿಗೆ ಫೋನು ಕೈಯಲ್ಲಿರಬೇಕು. ಬಿಹಾರದ ಕಡೆ ಹೋಗುವವರು ಛಠ್ ಹಬ್ಬವನ್ನೂ ನೋಡಿಕೊಳ್ಳಿ. ದೀಪಾವಳಿಯಾದ ಆರು ದಿನಕ್ಕೆ ಅದು ಬರುತ್ತದೆ, ಬೆಂಗಳೂರಿನಿಂದ ಪಟ್ನಾ ಕಡೆಯ ರೈಲುಗಳಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ.

ವೇಟಿಂಗ್ ಲಿಸ್ಟ್ ಬಂದರೆ ನಂಬರನ್ನು ಮಾತ್ರ ನೋಡಬೇಡಿ, ಅದರ ಮುಂದಿನ ಅಕ್ಷರ ನೋಡಿ. ಜಿಎನ್‌ಡಬ್ಲ್ಯುಎಲ್ ಅಂದರೆ ಸಾಮಾನ್ಯ ಪಟ್ಟಿ. ರೈಲು ಹೊರಡುವ ಊರಿನಿಂದ ಅಥವಾ ಅದರ ಹತ್ತಿರದಿಂದ ಹತ್ತುವವರಿಗೆ ಹೆಚ್ಚಾಗಿ ಸಿಗುವುದು ಇದು. ಸೀಟು ಸಿಗುವ ಆಸೆ ಇಲ್ಲಿ ಜಾಸ್ತಿ. ನಡುವಿನ ಊರುಗಳಿಗೆ ಪಿಕ್ಯುಡಬ್ಲ್ಯುಎಲ್, ಆರ್‌ಎಲ್‌ಡಬ್ಲ್ಯುಎಲ್ ಅಂತ ಬೇರೆ ಪಟ್ಟಿಗಳಿವೆ. ಆ ಊರುಗಳ ಪಾಲಿನ ಬರ್ತುಗಳೇ ಕಡಿಮೆ. ಹಾಗಾಗಿ ಆ ಪಟ್ಟಿಯ 12ಕ್ಕಿಂತ ಸಾಮಾನ್ಯ ಪಟ್ಟಿಯ 30 ಎಷ್ಟೋ ಸಲ ವಾಸಿ. ಕಲಬುರಗಿಯಲ್ಲಿ ಹತ್ತುವವರು ಬೆಂಗಳೂರಿನಿಂದಲೇ ಟಿಕೆಟ್ ಮಾಡಿಸಿ, ಹತ್ತುವ ಸ್ಟೇಷನ್ ಕಲಬುರಗಿ ಅಂತ ಬದಲಿಸಿಕೊಳ್ಳುವುದುಂಟು. ದುಡ್ಡು ಸ್ವಲ್ಪ ಜಾಸ್ತಿ, ಬರ್ತು ಸಿಗುವ ಸಂಭವವೂ ಜಾಸ್ತಿ. ಬದಲಾವಣೆಯನ್ನು ಒಂದು ದಿನ ಮೊದಲೇ ಮಾಡಿಬಿಡಿ. ಮಾಡದೆ ಸುಮ್ಮನಿದ್ದರೆ ನಿಮ್ಮ ಬರ್ತು ಬೇರೆಯವರ ಪಾಲಾಗಬಹುದು.

ಆರ್‌ಎಸಿ ಬಂದರೆ ಹೆದರಬೇಡಿ. ರೈಲು ಹತ್ತಬಹುದು. ಸೈಡ್ ಲೋಯರ್ ಬರ್ತಿನಲ್ಲಿ ಇಬ್ಬರಿಗೆ ಅರ್ಧರ್ಧ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಆನ್‌ಲೈನ್ ಟಿಕೆಟ್ ಚಾರ್ಟ್ (ಯಾರಿಗೆ ಯಾವ ಬರ್ತು ಅನ್ನುವ ಕೊನೆಯ ಪಟ್ಟಿ) ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗಿ ಹಣ ಖಾತೆಗೆ ಬರುತ್ತದೆ. ಆ ಟಿಕೆಟ್ ಹಿಡಿದು ರೈಲು ಹತ್ತುವಂತಿಲ್ಲ. ಮೊದಲು ಚಾರ್ಟ್ ಸುಮಾರು 4 ಗಂಟೆ ಮುಂಚೆ ಆಗುತ್ತಿತ್ತು. 2025ರಿಂದ ಅದನ್ನು ಬಹಳ ಮುಂಚೆಯೇ ಮಾಡುತ್ತಿದ್ದಾರೆ. ಆದ್ದರಿಂದ ಮನೆಯಲ್ಲೇ ಗೊತ್ತಾಗುತ್ತದೆ, ಬಸ್ಸು ಹುಡುಕಲು ಸಮಯ ಸಿಗುತ್ತದೆ.

ಕೊನೆ ಗಳಿಗೆಯಲ್ಲಿ ಹೊರಡುವವರಿಗೆ ಇರುವ ತತ್ಕಾಲ್ ಟಿಕೆಟ್ ಒಂದು ದಿನ ಮುಂಚೆ. ಎಸಿ ಬೋಗಿಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ರೈಲ್ವೆ ಟಿಕೆಟ್ ತಾಣವಾದ ಐಆರ್‌ಸಿಟಿಸಿಯ ಖಾತೆಗೆ ಆಧಾರ್ ಜೋಡಿಸಿರಲೇಬೇಕು. 10 ಗಂಟೆಗೆ ಐದು ನಿಮಿಷ ಇರುವಾಗ ಜೋಡಿಸಲು ಕೂತರೆ ಕೆಲಸ ಕೆಟ್ಟಿತು. ಇಲ್ಲೊಂದು ಸೂಕ್ಷ್ಮವಿದೆ: ಈ ‘ಒಂದು ದಿನ’ವನ್ನು ರೈಲು ಮೊದಲ ಸ್ಟೇಷನ್ ಬಿಡುವ ತಾರೀಖಿನಿಂದ ಎಣಿಸುತ್ತಾರೆ. 14ರ ಸಂಜೆ ಬೆಂಗಳೂರು ಬಿಟ್ಟ ರೈಲನ್ನು ನೀವು 15ರ ಬೆಳಗಿನ ಜಾವ ಕಲಬುರಗಿಯಲ್ಲಿ ಹತ್ತುವುದಾದರೆ ತತ್ಕಾಲ್ ತೆರೆಯುವುದು 13ಕ್ಕೆ. ಕನ್‌ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಇಲ್ಲ.

ಬರ್ತು ಮೇಲಿನದೋ ಕೆಳಗಿನದೋ? ಸ್ಲೀಪರ್, ಥ್ರೀ ಟಯರ್ ಎಸಿಯಲ್ಲಿ ನಂಬರನ್ನು 8ರಿಂದ ಭಾಗಿಸಿ ಉಳಿದದ್ದು ನೋಡಿ. 1, 4 ಉಳಿದರೆ ಕೆಳಗಿನದು. 2, 5 ನಡುವಿನದು. 3, 6 ಮೇಲಿನದು. 7 ಉಳಿದರೆ ಸೈಡ್ ಲೋಯರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. 47 ಅಂದರೆ ಸೈಡ್ ಲೋಯರ್, ನೋಡಿ. ಅಜ್ಜಿ, ತಾತನನ್ನು ಕರೆದೊಯ್ಯುವವರು ಮನೆಯವರೆಲ್ಲರ ಟಿಕೆಟ್ ಒಟ್ಟಿಗೆ ಮಾಡಿಸಬೇಡಿ. ಹಿರಿಯರಿಗೆ ಕೆಳಗಿನ ಬರ್ತಿನ ಪಾಲು ಬೇರೆ ಇದೆ, ಅವರೊಬ್ಬರದೇ ಅಥವಾ ಇಬ್ಬರದೇ ಟಿಕೆಟ್ ಮಾಡಿಸಿದರೆ ಸಿಗುವುದು ಸುಲಭ.

ಸುತ್ತು ಟಿಕೆಟ್

ಇದನ್ನು ಕೇಳಿದವರೇ ಕಡಿಮೆ. ರೈಲ್ವೆಯಲ್ಲಿ ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ ಇದೆ. ಹೊರಟ ಊರಿಗೇ ವಾಪಸ್ ಬರಬೇಕು, ನಡುವೆ ಹೆಚ್ಚೆಂದರೆ ಎಂಟು ಕಡೆ ಇಳಿಯಬಹುದು. ಬೆಂಗಳೂರು, ಮುಂಬೈ, ಅಹಮದಾಬಾದ್, ಜೈಪುರ, ದೆಹಲಿ, ವಾರಾಣಸಿ, ಹೌರಾ, ಪುರಿ, ಚೆನ್ನೈ, ಮತ್ತೆ ಬೆಂಗಳೂರು. ಹೀಗೊಂದು ಸುತ್ತಿಗೆ ಒಂದೇ ಟಿಕೆಟ್. ಲಾಭ ಏನು? ರೈಲಿನಲ್ಲಿ ದೂರ ಹೋದಷ್ಟೂ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ಸುತ್ತು ಟಿಕೆಟ್‌ನಲ್ಲಿ ಪೂರ್ತಿ ದೂರವನ್ನು ಎರಡು ಉದ್ದ ಪ್ರಯಾಣ ಅಂತ ಲೆಕ್ಕ ಹಿಡಿಯುತ್ತಾರೆ. ಒಂಬತ್ತು ತುಂಡು ಟಿಕೆಟ್ ಕೊಳ್ಳುವುದಕ್ಕಿಂತ ಅಗ್ಗ. ಆದರೆ ಮೊಬೈಲಿನಲ್ಲಿ ಸಿಗದು. ಹೋಗುವ ದಾರಿ ಬರೆದುಕೊಂಡು ದೊಡ್ಡ ಸ್ಟೇಷನ್ನಿಗೆ ಹೋಗಬೇಕು, ಆಮೇಲೆ ಪ್ರತಿ ರೈಲಿಗೂ ಕೌಂಟರಿನಲ್ಲಿ ರಿಸರ್ವೇಶನ್ ಮಾಡಿಸಬೇಕು. ತಾಳ್ಮೆ ಇದ್ದವರಿಗೆ, ನಿವೃತ್ತರಿಗೆ ಹೇಳಿ ಮಾಡಿಸಿದ್ದು. ಹತ್ತು ದಿನ ರಜೆ ಹಾಕಿ ಹೊರಟವರಿಗೆ ಅಲ್ಲ.

ಚಳಿಗಾಲದಲ್ಲಿ ಉತ್ತರಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದು ರೈಲು, ವಿಮಾನ ಎರಡೂ ತಡ. ಒಂದು ರೈಲು ಇಳಿದು ಇನ್ನೊಂದು ಹಿಡಿಯುವಂತಿದ್ದರೆ ಎರಡೂ ಟಿಕೆಟ್‌ಗಳ ಪಿಎನ್‌ಆರ್ ನಂಬರ್ ಜೋಡಿಸಿಡಿ. 2019ರಿಂದ ಈ ಸೌಲಭ್ಯವಿದೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅದರ ಹಣ ವಾಪಸ್ ಪಡೆಯಬಹುದು. ಎರಡರಲ್ಲೂ ಪ್ರಯಾಣಿಕರ ವಿವರ ಒಂದೇ ಇರಬೇಕು. ನಿಮ್ಮ ರೈಲೇ 3 ಗಂಟೆಗಿಂತ ತಡವಾಗಿ, ನೀವು ಹೋಗುವುದೇ ಬೇಡ ಅಂದುಕೊಂಡರೆ, ಅದು ನಿಮ್ಮ ಸ್ಟೇಷನ್ ಬಿಡುವ ಮುಂಚೆ ಟಿಡಿಆರ್ ಅನ್ನುವ ಅರ್ಜಿ ಹಾಕಿ ಪೂರ್ತಿ ಹಣ ವಾಪಸ್ ಕೇಳಬಹುದು.

ಹಳಿ ಮುಗಿದ ಮೇಲೆ

ರೈಲು ನಿಮ್ಮನ್ನು 2,000 ಕಿಲೋಮೀಟರ್ ಆರಾಮಾಗಿ ಮಲಗಿಸಿ ಒಯ್ಯುತ್ತದೆ. ಕೊನೆಯ ನೂರು ಕಿಲೋಮೀಟರಿನಲ್ಲಿ ಬೆನ್ನು ಮುರಿಯುತ್ತದೆ. ಗ್ಯಾಂಗ್‌ಟಾಕ್‌ಗೆ ರೈಲಿಲ್ಲ. ಉತ್ತರ ಬಂಗಾಳದ ನ್ಯೂ ಜಲ್ಪಾಯ್‌ಗುಡಿಯಲ್ಲಿ ಇಳಿದು ಶೇರ್ ಜೀಪ್ ಹತ್ತಬೇಕು. ಶಿಲ್ಲಾಂಗ್‌ಗೂ ಇಲ್ಲ, ಗುವಾಹಟಿಯಿಂದ ಶೇರ್ ಸುಮೊ. ಇವು ತುಂಬಿದ ಮೇಲೆ ಹೊರಡುತ್ತವೆ, ಮಧ್ಯಾಹ್ನದ ಮೇಲೆ ಕಡಿಮೆಯಾಗುತ್ತವೆ. ಗುಡ್ಡಗಾಡಿಗೆ ಹೋಗುವ ದಿನ ಬೆಳಿಗ್ಗೆ ಬೇಗ ಇಳಿಸುವ ರೈಲನ್ನೇ ಆರಿಸಿಕೊಳ್ಳಿ. ಡ್ರೈವರ್ ಪಕ್ಕದ ಸೀಟು ಸಿಕ್ಕರೆ ಪುಣ್ಯವಂತರು. ಹಿಂದಿನ ಸಾಲಿನಲ್ಲಿ ಕೂತವರಿಗೆ ಬೆಳಗಿನ ತಿಂಡಿ ಬೇಡವೇ ಬೇಡ.

ಹಳಿಗಳೂ ಬೆಳೆಯುತ್ತಿವೆ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡುತ್ತಿದೆ, ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯ ಮೇಲೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಿಜೋರಾಂನ ಐಜ್ವಾಲ್ ಹತ್ತಿರದ ಸೈರಾಂಗ್‌ಗೂ ರೈಲು ಬಂತು. ಮಿಜೋರಾಂ, ಅರುಣಾಚಲ, ನಾಗಾಲ್ಯಾಂಡ್, ಮಣಿಪುರಕ್ಕೆ ಹೊರಗಿನವರು ಇನ್ನರ್ ಲೈನ್ ಪರ್ಮಿಟ್, ಅಂದರೆ ರಾಜ್ಯದೊಳಗೆ ಹೋಗಲು ಅನುಮತಿ ಪತ್ರ, ಮಾಡಿಸಬೇಕು. ಟಿಕೆಟ್‌ಗಿಂತ ಮೊದಲೇ ಅದರ ಕೆಲಸ ನೋಡಿ. ಜಮ್ಮು–ಕಾಶ್ಮೀರದಲ್ಲಿ ನಮ್ಮ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಎಲ್ಲಾ ಕಡೆ ಯುಪಿಐ ಇದೆ ನಿಜ, ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಜೀಪಿನವನಿಗೆ ಬೇಕಾಗುವುದು ನೋಟು. ನೂರು, ಇನ್ನೂರರ ಚಿಲ್ಲರೆ ಇಟ್ಟುಕೊಳ್ಳಿ.

ಹಡಗಿನ ಆಸೆ ಇದ್ದವರಿಗೆ: ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣದಿಂದ ಅಂಡಮಾನ್‌ಗೆ ಪ್ರಯಾಣಿಕರ ಹಡಗುಗಳಿವೆ, ಸುಮಾರು ಮೂರು ದಿನ. ಸ್ವಂತ ಕಾರಿನಲ್ಲಿ ಹೋಗುವವರಿಗೆ ವಾರ್ಷಿಕ ಫಾಸ್ಟ್‌ಟ್ಯಾಗ್ ಪಾಸ್ ಬಂದಿದೆ, 2025ರಲ್ಲಿ ಶುರುವಾದಾಗ ₹3,000 ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಕೇಂದ್ರದ ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ ಮಾತ್ರ ನಡೆಯುತ್ತದೆ, ರಾಜ್ಯದ ಟೋಲ್‌ಗಳಲ್ಲಿ ಇಲ್ಲ.

ಬುತ್ತಿ ವಿಷಯ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಗ್ಗರಣೆ ಹಾಕಿದ ಅವಲಕ್ಕಿ ಚೂಡಾ ಎರಡು ರಾತ್ರಿಗೂ ಕೆಡುವುದಿಲ್ಲ. ಚಿತ್ರಾನ್ನ ಮೊದಲ ರಾತ್ರಿಯೇ ಮುಗಿಸಿ. ಮೊಸರನ್ನ ಬೇಡ, ಮಧ್ಯಪ್ರದೇಶದ ಮೇ ತಿಂಗಳ ಬಿಸಿಲಿಗೆ ಅದು ತಡೆಯುವುದಿಲ್ಲ.

ವಾಪಸ್ ಬರುವ ಟಿಕೆಟ್ಟಿಗೂ 60 ದಿನದ ಲೆಕ್ಕ ಬೇರೆಯಾಗಿ ಹಾಕಿ. ಹೋಗುವ ದಿನದ್ದು ಸಿಕ್ಕಿತು ಅಂತ ನಿಶ್ಚಿಂತೆಯಿಂದ ಮಲಗಬೇಡಿ, ಇನ್ನೊಂದು ಬೆಳಿಗ್ಗೆ ಎಂಟಕ್ಕೆ ಏಳಬೇಕು. ಆ ರೈಲು ನಿಮ್ಮನ್ನು ಬೈಯಪ್ಪನಹಳ್ಳಿಯಲ್ಲಿ ಬೆಳಗಿನ ಮೂರಕ್ಕೆ ಇಳಿಸಿದರೆ ಹೊರಗೆ ಓಡಬೇಡಿ. ಆಟೊದವರು ಹೇಳುವ ರೇಟು ಕೇಳಿ ಪ್ರವಾಸದ ಖುಷಿಯೆಲ್ಲ ಇಳಿದುಹೋಗುತ್ತದೆ. ಮೆಟ್ರೊ ಶುರುವಾಗುವ ತನಕ ಪ್ಲಾಟ್‌ಫಾರ್ಮಿನಲ್ಲೇ ಚೀಲದ ಮೇಲೆ ಕಾಲು ಚಾಚಿ ಕೂತು, ಉಳಿದ ಚೂಡಾ ಖಾಲಿ ಮಾಡಿ.