ನೀರು ನಿಲ್ಲದ ಹೊಲಕ್ಕೆ ನೀರುಣಿಸಲು ಕಲಿತ ಬಗೆ

ಪುಣೆಯ ಹಡಪ್ಸರದಲ್ಲಿ ನಮ್ಮ ಮನೆ. ಹಿಂದೆ ಹತ್ತಡಿ ಅಗಲದ ಹಿತ್ತಿಲು. ಇಪ್ಪತ್ತು ವರ್ಷದಿಂದ ಅಲ್ಲಿ ಮೆಂತ್ಯ, ಬದನೆ, ಕರಿಬೇವು ಬೆಳೆಯುತ್ತಿದ್ದೇನೆ. ಮಣ್ಣು ಅಂದರೆ ನನ್ನ ಕೈಗೆ ಗೊತ್ತಿದ್ದದ್ದು ಇಲ್ಲಿನ ಕಪ್ಪು ಮಣ್ಣು ಮಾತ್ರ. ಜೂನ್‌ನಲ್ಲಿ ಚಪ್ಪಲಿಗೆ ಮೆತ್ತಿಕೊಂಡರೆ ಕಾಲು ಎತ್ತುವುದೇ ಕಷ್ಟ. ಏಪ್ರಿಲ್‌ನಲ್ಲಿ ಬೆರಳು ಇಳಿಯುವಷ್ಟು ಬಿರುಕು. ಎರಡಡಿ ಅಗೆದರೆ ಮುರುಮ್ ಎಂಬ ಪುಡಿಗಲ್ಲು, ಅದರ ಕೆಳಗೆ ಕರಿಕಲ್ಲು. ಒಮ್ಮೆ ತುಂಬ ನೀರು ಬಿಟ್ಟರೆ ಎಂಟು ದಿನ ಆ ಕಡೆ ನೋಡಬೇಕಾಗಿಲ್ಲ.

ಇದೇ ರೂಢಿಯನ್ನು ನಾನು ಊರಿನ ಹೊಲಕ್ಕೂ ಹೊತ್ತುಕೊಂಡು ಹೋದೆ. ಅಪ್ಪ ತೀರಿಕೊಂಡ ಮೇಲೆ ಬಾದಾಮಿ ಹತ್ತಿರದ ಎರಡು ಎಕರೆ ನನ್ನ ಪಾಲಿಗೆ ಬಂದಿತ್ತು. 2021ರ ಜುಲೈನಲ್ಲಿ ಪುಣೆ ಹತ್ತಿರದ ಸಾಸವಡ ಕಡೆಯ ಒಂದು ನರ್ಸರಿಯಿಂದ ಅರವತ್ತು ಸೀತಾಫಲದ ಸಸಿ ಒಯ್ದು ನೆಟ್ಟೆ. ಮಳೆ ನಿಂತ ಮೇಲೆ ಎಂಟು ದಿನಕ್ಕೊಮ್ಮೆ ಪಾತಿ ತುಂಬ ನೀರು ಬಿಡಿಸಬೇಕು ಅಂತ ಕಾಕಾಗೆ ಹೇಳಿ ಬಂದೆ. ಮರುವರ್ಷ ಮೇ ತಿಂಗಳಲ್ಲಿ ಹೋಗಿ ಎಣಿಸಿದಾಗ ಇಪ್ಪತ್ಮೂರು ಉಳಿದಿದ್ದವು.

ಕಾಕಾ ಮೊದಲೇ ಹೇಳಿದ್ದರು. "ಯವ್ವಾ, ಇದು ಎರಿ ಅಲ್ಲ, ಮಸಾರಿ. ಇದರ ಹೊಟ್ಟಿ ಸಣ್ಣದು. ಒಮ್ಮೆಲೆ ಉಣಿಸಿದರ ಹಿಡಿಯೂದಿಲ್ಲ." ಎರಿ ಅಂದರೆ ಕಪ್ಪು ಮಣ್ಣು, ಮಸಾರಿ ಅಂದರೆ ಉಸುಕು ಬೆರೆತ ಕೆಂಪು ಮಣ್ಣು. ಆಗ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸತ್ತ ಸಸಿಗಳನ್ನು ಕಿತ್ತು ನೋಡಿದ ಮೇಲೆ ಆ ಹೊಟ್ಟೆ ಎಷ್ಟು ಸಣ್ಣದು ಅಂತ ಅಳೆದೇ ತಿಳಿಯಬೇಕು ಅನಿಸಿತು.

ಒಂದು ಚೀಲ ಮಣ್ಣು ತುಂಬಿಕೊಂಡು ರೈಲು ಹತ್ತಿದೆ. ಪುಣೆಯ ಅಡುಗೆಮನೆಯ ಕಿಟಕಿಯಲ್ಲಿ ಎರಡು ಉಪ್ಪಿನಕಾಯಿ ಬಾಟಲಿ ಇಟ್ಟೆ, ಒಂದು ಬಾದಾಮಿಯದು, ಇನ್ನೊಂದು ಹಿತ್ತಿಲಿನದು. ಮಣ್ಣು ಒಣಗಿಸಿ, ಹೆಂಟೆ ಪುಡಿ ಮಾಡಿ, ಕಲ್ಲು ಆರಿಸಿ ಬಾಟಲಿಯ ಮೂರನೇ ಒಂದು ಭಾಗ ತುಂಬಬೇಕು. ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ, ಮೇಲೆ ನೀರು. ಐದು ನಿಮಿಷ ಜೋರಾಗಿ ಕುಲುಕಿ ಅಲುಗಾಡದಂತೆ ಇಡಬೇಕು. ಮೊದಲ ಒಂದು ನಿಮಿಷದಲ್ಲಿ ತಳ ಸೇರುವುದು ಉಸುಕು. ಎರಡು ಗಂಟೆಯಲ್ಲಿ ಅದರ ಮೇಲೆ ಕೂರುವುದು ನವಿರಾದ ರೇವೆ. ಜೇಡಿ ಕೂರಲು ಒಂದೆರಡು ದಿನ ಬೇಕು. ಬಾದಾಮಿಯ ಬಾಟಲಿಯಲ್ಲಿ ಒಟ್ಟು 60 ಮಿಲಿಮೀಟರ್ ಮಣ್ಣು ಕೂತಿತ್ತು. ಉಸುಕು 40, ರೇವೆ 12, ಜೇಡಿ 8. ಅಂದರೆ ಮೂರರಲ್ಲಿ ಎರಡು ಪಾಲು ಉಸುಕೇ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಮರಳು ಮಿಶ್ರಿತ ಗೋಡು ಮಣ್ಣು ಅನ್ನುತ್ತಾರೆ. ಹಡಪ್ಸರದ ಬಾಟಲಿ ಮೂರು ದಿನ ಕಳೆದರೂ ಚಹಾದಂತೆ ಕದಡಿಯೇ ಇತ್ತು.

ಬಾಟಲಿ ಇಲ್ಲದಿದ್ದರೂ ಕೈಯಲ್ಲೇ ತಿಳಿಯಬಹುದು. ಒದ್ದೆ ಮಾಡಿ ಉಂಡೆ ಕಟ್ಟಿದರೆ ಬಾದಾಮಿಯ ಮಣ್ಣು ಉಂಡೆಯಾಗುತ್ತದೆ, ಆದರೆ ಬೆರಳಲ್ಲಿ ಒತ್ತಿದ ಕೂಡಲೇ ಒಡೆಯುತ್ತದೆ. ಹೆಬ್ಬೆರಳಿನಿಂದ ಪಟ್ಟಿಯಂತೆ ತಳ್ಳಿದರೆ ಒಂದು ಇಂಚೂ ಬಾರದೆ ತುಂಡಾಗುತ್ತದೆ. ಹಿತ್ತಿಲಿನ ಮಣ್ಣು ಎರಡು ಇಂಚಿನ ಪಟ್ಟಿಯಾಗಿ ಜೋತು ಬೀಳುತ್ತದೆ.

ಆಮೇಲೆ ನೀರಿನ ಪರೀಕ್ಷೆ. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಪೂರ್ತಿ ಇಂಗಲು ಬಿಟ್ಟೆ. ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತು ಅಂತ ಅಳೆದೆ. ಎರಡನೇ ಸಲದ್ದೇ ಲೆಕ್ಕ. ಮೊದಲ ಸಲದ್ದನ್ನು ನಂಬಬಾರದು, ಯಾಕಂದರೆ ಒಣಗಿ ಬಿರುಕು ಬಿಟ್ಟ ಕಪ್ಪು ಮಣ್ಣು ಕೂಡ ಮೊದಲ ನೀರನ್ನು ಗಟಗಟ ಕುಡಿದುಬಿಡುತ್ತದೆ. ಬಿರುಕು ಮುಚ್ಚಿದ ಮೇಲೆ ಅದು ಬಾಗಿಲು ಹಾಕಿದಂತೆಯೇ. ಬಾದಾಮಿಯಲ್ಲಿ ಗಂಟೆಗೆ 7 ಸೆಂಟಿಮೀಟರ್ ಇಳಿಯಿತು. ಹಡಪ್ಸರದಲ್ಲಿ ಅರ್ಧ ಸೆಂಟಿಮೀಟರ್.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಒಂದೇ ಮಣ್ಣು, ಒಂದೇ ನೀರು. ಹಾಗಿದ್ದರೆ ಇಪ್ಪತ್ಮೂರು ಸಸಿ ಬದುಕಿದ್ದು ಹೇಗೆ? ಅವು ಅಲ್ಲಲ್ಲಿ ಚದುರಿರಲಿಲ್ಲ, ಹೊಲದ ಮೂಡಣ ಭಾಗದಲ್ಲೇ ಗುಂಪಾಗಿದ್ದವು. ಉತ್ತರ ಸಿಕ್ಕಿದ್ದು ಹಾರೆ ಹಿಡಿದು ಕೆಳಗೆ ಇಳಿದಾಗ.

ಮೂಡಣದಲ್ಲಿ ತೋಡಿಸಿದ ಗುಂಡಿಯಲ್ಲಿ ಮೇಲಿನ ಒಂದು ಗೇಣು ಕಂದು ಮಣ್ಣು, ತುಂಬ ಬೇರು. ಅದರ ಕೆಳಗೆ ಇನ್ನೂ ಕೆಂಪಾದ, ಸಣ್ಣ ಕಲ್ಲು ಬೆರೆತ ಮಣ್ಣು. ಸುಮಾರು 60 ಸೆಂಟಿಮೀಟರ್‌ಗೆ ಶಿಥಿಲವಾದ ಮರಳುಗಲ್ಲು. ಹಾರೆ ತಾಗಿದರೆ ಸಕ್ಕರೆ ಹೆಂಟೆಯಂತೆ ಉದುರುತ್ತದೆ, ಅಂಗೈಯಲ್ಲಿ ಉಜ್ಜಿದರೆ ಮತ್ತೆ ಅದೇ ಉಸುಕು. ಅದರಡಿಯ ಗಟ್ಟಿ ಬಂಡೆಯಲ್ಲೂ ಉದ್ದುದ್ದ ಸೀಳುಗಳು. ಬದುವಿನ ಬೇವಿನ ಬೇರು ಅಂಥ ಒಂದು ಸೀಳಿನಲ್ಲಿ ನುಗ್ಗಿ ಹೋಗಿತ್ತು. ಎಲ್ಲೂ ಬೂದು ಬಣ್ಣದ ಮಚ್ಚೆ ಇರಲಿಲ್ಲ. ಬೂದು ಮಚ್ಚೆ ಇಲ್ಲದೆ ಮಣ್ಣು ಕೆಳಗಿನವರೆಗೂ ಕೆಂಪಾಗಿದ್ದರೆ ಅಲ್ಲಿ ನೀರು ನಿಲ್ಲುವುದಿಲ್ಲ, ಗಾಳಿ ಆಡುತ್ತದೆ ಅಂತ ಅರ್ಥ.

ಪಡುವಣದ ಮೂಲೆಯಲ್ಲಿ ಒಂದು ಗೇಣಿಗೇ ಹಾರೆ ಠಣ್ ಎಂದಿತು. ಸೀಳಿಲ್ಲದ ಹಾಸುಬಂಡೆ. ಅಲ್ಲಿ ಮಳೆಯ ನೀರು ಮಣ್ಣಿನಲ್ಲಿ ಸರಾಗವಾಗಿ ಇಳಿಯುತ್ತದೆ, ಬಂಡೆಗೆ ತಾಗಿದ ಮೇಲೆ ಅದರ ಇಳಿಜಾರು ಹಿಡಿದು ಜಾರುತ್ತದೆ. ಆಗಸ್ಟ್‌ನಲ್ಲಿ ಕೆಳಗಿನ ಒಡ್ಡಿನ ಬುಡದಲ್ಲಿ ಜಿನುಗುವ ನೀರು ಇದೇ. ಅಲ್ಲಿ ಅಗೆದಾಗ ಬೂದು ಮಚ್ಚೆಗಳೂ ಕಂಡವು. ನೀರು ಬಸಿದು ಹೋಗುವ ಗುಣ ಬರೀ ಮೇಲಿನ ಮಣ್ಣಿನದ್ದಲ್ಲ. ಕೆಳಗಿನ ಕಲ್ಲು ದಾರಿ ಬಿಡಬೇಕು, ಅಲ್ವಾ?

ಬಾದಾಮಿಯ ಗುಹೆಗಳನ್ನು ಕೊರೆದಿರುವುದು ಇಂಥದ್ದೇ ಮರಳುಗಲ್ಲಿನಲ್ಲಿ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನ ಇದೆ. ಚಿಕ್ಕಂದಿನಲ್ಲಿ ಆ ಕಂಬಗಳನ್ನು ಮುಟ್ಟಿ ಬಂದಾಗ ಅಂಗೈಗೆ ಕಣ ಅಂಟುತ್ತಿತ್ತು. ನಮ್ಮ ಹೊಲದ ಮಣ್ಣಿನಲ್ಲಿ ಮೂರರಲ್ಲಿ ಎರಡು ಪಾಲು ಅಂಥ ಕಣವೇ. ಅದು ಹೆಚ್ಚಾಗಿ ಸ್ಫಟಿಕ. ಸ್ಫಟಿಕ ಸವೆದರೂ ಗಿಡಕ್ಕೆ ತಿನ್ನಲು ಏನೂ ಕೊಡುವುದಿಲ್ಲ. ಪುಣೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದು ಕೊಳೆತರೆ ಸುಣ್ಣ, ಮೆಗ್ನೀಸಿಯಂ, ಕಬ್ಬಿಣ ಎಲ್ಲ ಮಣ್ಣಿಗೆ ಬರುತ್ತದೆ. ಮಣ್ಣು ಪರೀಕ್ಷೆಯ ವರದಿಯಲ್ಲೂ ಇದೇ ಕಂಡಿತು. ಹಿತ್ತಿಲಿನ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಹೆಚ್ಚಿದ್ದರೆ ಕ್ಷಾರ) 8.1, ಹೊಲದ್ದು 6.2. ಹೊಲದಲ್ಲಿ ಸಾವಯವ ಇಂಗಾಲ ತೀರಾ ಕಡಿಮೆ.

ಈಗ ಕಾಕಾ ಹೇಳಿದ ಹೊಟ್ಟೆಯ ಲೆಕ್ಕ. ಈ ಜಾತಿಯ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 100ರಿಂದ 120 ಮಿಲಿಮೀಟರ್ ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. ನಮ್ಮಲ್ಲಿ ಮೀಟರ್ ಆಳವೇ ಇಲ್ಲ. 60 ಸೆಂಟಿಮೀಟರ್ ಇರುವಲ್ಲಿ 60ರಿಂದ 70 ಮಿಲಿಮೀಟರ್. ಅದರಲ್ಲಿ ಅರ್ಧ ಖರ್ಚಾಗುವ ಹೊತ್ತಿಗೆ ಮತ್ತೆ ನೀರು ಕೊಡಬೇಕು, ಪೂರ್ತಿ ಮುಗಿಯುವ ತನಕ ಕಾದರೆ ಗಿಡ ಸೊರಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಖರ್ಚು ಅಂತ ಹಿಡಿದರೆ ಮೂಡಣದಲ್ಲಿ ಐದು ದಿನ, ಪಡುವಣದಲ್ಲಿ ಎರಡು ದಿನ. ಇದು ಬೇರು ಪೂರ್ತಿ ಇಳಿದ ಗಿಡದ ಲೆಕ್ಕ, ಎಳೆ ಸಸಿಗೆ ಇನ್ನೂ ಬೇಗ ಬೇಕು. ನಾನು ಕೊಟ್ಟಿದ್ದು ಎಂಟು ದಿನಕ್ಕೊಮ್ಮೆ. ಅದೂ ಪಾತಿ ತುಂಬ. ಹೆಚ್ಚಿನ ನೀರು ಬೇರು ದಾಟಿ ಕೆಳಗೆ ಹೋಗುವಾಗ ಗೊಬ್ಬರವನ್ನೂ ತೊಳೆದುಕೊಂಡು ಹೋಗಿತ್ತು.

ಇನ್ನೊಂದು ತಪ್ಪು ಸತ್ತ ಸಸಿಯ ಬುಡದಲ್ಲಿ ಕಂಡಿತು. ನರ್ಸರಿಯ ಚೀಲದ ಕಪ್ಪು ಜೇಡಿ ಹಾಗೇ ಇಟ್ಟಿಗೆಯಂತೆ ಕುಗ್ಗಿ ಕೂತಿತ್ತು. ಬಿಟ್ಟ ನೀರು ಅದರ ಸುತ್ತಲಿನ ಉಸುಕಿನಲ್ಲಿ ಇಳಿದು ಹೋಗಿದೆ, ಒಳಗಿನ ಬೇರಿಗೆ ತಾಗಿಯೇ ಇಲ್ಲ. ಈಗ ನೆಡುವ ಮೊದಲು ಬೇರಿನ ಮುದ್ದೆಯನ್ನು ನೀರಿನಲ್ಲಿ ನೆನೆಸಿ, ಹೊರಗಿನ ಜೇಡಿಯನ್ನು ಮೆಲ್ಲಗೆ ಸಡಿಲಿಸುತ್ತೇನೆ.

2022ರ ಮಳೆಗಾಲಕ್ಕೆ ಎಲ್ಲ ಬದಲಾಯಿಸಿದೆವು. ಹನಿ ನೀರಾವರಿ ಹಾಕಿಸಿದೆ. ಉಸುಕು ಮಣ್ಣಿನಲ್ಲಿ ಹನಿ ಮೂಲಂಗಿಯಂತೆ ನೇರ ಕೆಳಗಿಳಿಯುತ್ತದೆ, ಜೇಡಿಯಲ್ಲಿ ತಟ್ಟೆಯಂತೆ ಅಗಲಕ್ಕೆ ಹರಡುತ್ತದೆ. ಹಾಗಾಗಿ ಇಲ್ಲಿ ಗಿಡಕ್ಕೆ ಒಂದು ಡ್ರಿಪ್ಪರ್ ಸಾಲದು. ಎರಡು ಕಡೆ ಎರಡು, ಗಂಟೆಗೆ 4 ಲೀಟರ್‌ನವು, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದು ಗಂಟೆ. ಯೂರಿಯಾವನ್ನು ಒಂದೇ ಸಲ ಹಾಕುವುದು ಬಿಟ್ಟು ನಾಲ್ಕು ಕಂತು ಮಾಡಿದೆವು. ಪ್ರತಿ ವರ್ಷ ತಿಪ್ಪೆಗೊಬ್ಬರ, ಬುಡಕ್ಕೆ ಶೇಂಗಾ ಸಿಪ್ಪೆ ಮತ್ತು ಸಜ್ಜೆ ದಂಟಿನ ಹೊದಿಕೆ. ಒಂದು ಬೇಸಿಗೆ ಕೆರೆಯ ಹೂಳು ಸಿಕ್ಕಿತು, ಎಂಟು ಟ್ರ್ಯಾಕ್ಟರ್ ಹೇರಿಸಿದೆವು. ಮಸಾರಿ ಹೊಲಕ್ಕೆ ಕೆರೆ ಮಣ್ಣು ಹಾಕುವುದು ಹಿರಿಯರ ಕ್ರಮ. ಉಸುಕಿಗೆ ಬೇಕಾದ ಜೇಡಿ ಅದರಲ್ಲಿ ಇರುತ್ತದೆ.

ಈ ಮಣ್ಣಿನ ಒಳ್ಳೆಯತನವನ್ನೂ ಹೇಳಲೇಬೇಕು. ರಾತ್ರಿ ಮಳೆ ಬಂದರೆ ಮರುದಿನವೇ ಹೊಲಕ್ಕೆ ಇಳಿಯಬಹುದು. ಎರಿ ಹೊಲದವರು ವಾರ ಕಾಯಬೇಕು. ಹದ ಬೇಗ ಬರುತ್ತದೆ, ಬೇಗ ಹೋಗುತ್ತದೆ, ಆದ್ದರಿಂದ ಬೀಜ ಕೈಯಲ್ಲೇ ಇರಬೇಕು. ಬಿತ್ತಿದ ಮೇಲೆ ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ತೆಳ್ಳಗೆ ಹಕ್ಕಳೆ ಕಟ್ಟುತ್ತದೆ. ಆಗ ಹಗುರವಾಗಿ ಕೆದಕಿ ಅದನ್ನು ಒಡೆಯದಿದ್ದರೆ ಮೊಳಕೆ ಮೇಲೆ ಬರಲಾರದು.

ಶೇಂಗಾಕ್ಕಂತೂ ಇದು ಹೇಳಿ ಮಾಡಿಸಿದ ಮಣ್ಣು. ಹೂವಿನಿಂದ ಇಳಿಯುವ ಸೂಜಿ ಸಲೀಸಾಗಿ ಒಳಗೆ ಹೋಗುತ್ತದೆ, ಕಿತ್ತಾಗ ಕಾಯಿ ಗಿಡದಲ್ಲೇ ಬರುತ್ತದೆ. ಸುಣ್ಣದ ಅಂಶ ಕಡಿಮೆ ಇರುವುದರಿಂದ ಹೂ ಬಿಡುವಾಗ ಎಕರೆಗೆ 200 ಕಿಲೊ ಜಿಪ್ಸಂ ಹಾಕುತ್ತೇವೆ, ಇಲ್ಲದಿದ್ದರೆ ಕಾಯಿ ಜೊಳ್ಳಾಗುತ್ತದೆ. ಹೋದ ವರ್ಷದ ಶೇಂಗಾ ಹಿಂಡಿ (ಚಟ್ನಿಪುಡಿ) ನಮ್ಮ ಸೊಸೈಟಿಯ ಕನ್ನಡದ ಮನೆಗಳಿಗೆಲ್ಲ ಹೋಯಿತು.

ಸೀತಾಫಲ ಈಗ ಐವತ್ತೆರಡು ಇವೆ, ಎಲ್ಲ ಮೂಡಣದಲ್ಲಿ. ಪಡುವಣದ ಮೂಲೆಯನ್ನು ಹುರುಳಿಗೆ ಬಿಟ್ಟೆವು. ಹಾಸುಬಂಡೆ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಕಾಕಾ ಹತ್ತು ಹೆಜ್ಜೆಗೊಮ್ಮೆ ಹಾರೆ ಊರಿ ನೋಡಿ ಸುಣ್ಣದ ಗೆರೆ ಎಳೆದರು. ಆ ಗೆರೆಯ ನಕ್ಷೆಯನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ. ಯಾವ ಸಾಲಿಗೆ ಎಷ್ಟು ದಿನಕ್ಕೆ ನೀರು ಬಿಡಬೇಕು ಅಂತ ಪುಣೆಯಿಂದ ಫೋನ್ ಮಾಡುವಾಗ ಅದನ್ನೇ ತೆರೆದಿಟ್ಟುಕೊಳ್ಳುತ್ತೇನೆ.